ಮುಂದಿನ ಮೂವತ್ತು ವರ್ಷದ ಎಣಿಕೆ

ಹೆಂಡತಿಯ ಮುಂದೆ ಗುಮಾಸ್ತ ಬಾಯಿ ತಪ್ಪಿ ಆಡಿದ ಒಂದು ಮಾತೇ ಎಲ್ಲ ಅವಾಂತರಕ್ಕೂ ಮೂಲ. ನಾಳೆ ತಮ್ಮ ಬೀದಿಯಲ್ಲಿ ಬೆಳಿಗ್ಗೆ ಆರರಿಂದ ಸಂಜೆ ನಾಲ್ಕರೊಳಗೆ ಹತ್ತು ಸಾವಿರ ಗಾಡಿ ಓಡಿದರೆ ಬೀದಿ ಹೆದ್ದಾರಿಯಾಗುತ್ತದೆ, ಇಲ್ಲದಿದ್ದರೆ ಮೂವತ್ತು ವರ್ಷ ಯಾರೂ ಇತ್ತ ತಲೆ ಹಾಕುವುದಿಲ್ಲ ಎಂದು ಅವನು ಊಟದ ಹೊತ್ತಿನಲ್ಲಿ ಹೇಳಿದ್ದ. ಹೆಂಡತಿ ಅದನ್ನು ತಮ್ಮನಿಗೆ ಹೇಳಿದಳು. ತಮ್ಮ ಬೇಕರಿಯವನಿಗೆ ಹೇಳಿದ. ಬೇಕರಿಯವನ ಕಿವಿಗೆ ಬಿದ್ದ ಮೇಲೆ ಡಂಗುರದ ಅಗತ್ಯ ಬೀಳಲಿಲ್ಲ.

ಗುಮಾಸ್ತ ರಸ್ತೆ ಇಲಾಖೆಯ ಯೋಜನಾ ಶಾಖೆಯವನು. ದೇಶದ ದೊಡ್ಡ ದೊಡ್ಡ ರಸ್ತೆಗಳಲ್ಲಿ ಮುಂದಿನ ಮೂವತ್ತು ವರ್ಷ ಯಾವುದಕ್ಕೆ ಎಷ್ಟು ಹಣ ಹಾಕಬೇಕು ಎಂದು ತೀರ್ಮಾನಿಸುವ ದಪ್ಪ ಪುಸ್ತಕವೊಂದನ್ನು ಆ ಶಾಖೆ ತಯಾರಿಸುತ್ತಿತ್ತು. ಪುಸ್ತಕವೆಲ್ಲ ಮುಗಿದು, ಗಾಡಿಗಳ ಎಣಿಕೆಯ ಕೊನೆಯ ಹಾಳೆಯೊಂದು ಬಾಕಿಯಿತ್ತು. ಪ್ರಯಾಣದ ಖರ್ಚು ಉಳಿಯಲಿ ಎಂದು ಸಾಹೇಬರು ಗುಮಾಸ್ತನನ್ನು ಅವನ ಮನೆಯ ಮುಂದಿನ ಬೀದಿಗೇ ಹಾಕಿದ್ದರು. ಏಳು ವರ್ಷದಿಂದ ಬಿಸಿಲಲ್ಲಿ ಸ್ಟೂಲಿನ ಮೇಲೆ ಕೂತು ಗಾಡಿ ಎಣಿಸಿ ಅವನ ಕತ್ತು ಬೆಂದ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕಚೇರಿಯ ಒಳಗೆ ಒಂದು ಮೇಜು ಖಾಲಿಯಾಗಿತ್ತು. ಇದೊಂದು ಎಣಿಕೆಯನ್ನು ಚೊಕ್ಕಟವಾಗಿ ಮುಗಿಸಿಕೊಟ್ಟರೆ ಆ ಮೇಜಿನ ವಿಚಾರ ನೋಡೋಣ ಎಂದು ಸಾಹೇಬರು ಹೇಳಿದ್ದರು.

ಆರು ಗಂಟೆಗೆ ಸ್ಟೂಲು, ಛತ್ರಿ, ಹಾಳೆಗಳ ಕಟ್ಟಿನೊಂದಿಗೆ ಗುಮಾಸ್ತ ಬೀದಿಯ ತುದಿಯಲ್ಲಿ ಕೂತ. ಒಂದು ಗಾಡಿಗೆ ಒಂದು ಗೀಟು. ಏಳೂವರೆಗೆ ಬೇಕರಿಯ ಬ್ರೆಡ್ ವ್ಯಾನು ಹಾದುಹೋಯಿತು. ಗೀಟು ಎಳೆದ. ಐದು ನಿಮಿಷ ಬಿಟ್ಟು ಅದೇ ವ್ಯಾನು ಮತ್ತೆ ಬಂತು. ನಾಲ್ಕನೆಯ ಸಲ ಬಂದಾಗ ಗುಮಾಸ್ತ ಎದ್ದು ಅಡ್ಡ ನಿಂತ. ಬ್ರೆಡ್ಡು ಮರೆತು ಹೋಗಿದ್ದೆ ಎಂದ ಚಾಲಕ. ಹಾಗಾದರೆ ಮತ್ತೆ ಮತ್ತೆ ಯಾಕೆ ಬಂದೆ ಎಂದರೆ, ಮರೆತದ್ದು ಬ್ರೆಡ್ಡಲ್ಲ ಬನ್ನು ಎಂದು ಆಮೇಲೆ ನೆನಪಾಯಿತಂತೆ. ಹಾದುಹೋದ ಪ್ರತಿ ಗಾಡಿಯನ್ನೂ ಬರೆದುಕೊಳ್ಳಬೇಕು ಎಂದು ನಿಯಮದಲ್ಲಿತ್ತು. ಒಂದೇ ಗಾಡಿ ನಲವತ್ತು ಸಲ ಹಾದುಹೋದರೆ ಏನು ಮಾಡಬೇಕೆಂದು ಯಾರೂ ಬರೆದಿರಲಿಲ್ಲ. ಗುಮಾಸ್ತ ಹಲ್ಲು ಕಚ್ಚಿ ಗೀಟು ಎಳೆದ ರಭಸಕ್ಕೆ ಪೆನ್ಸಿಲಿನ ಮೊನೆ ಮುರಿಯಿತು.

ಒಂಬತ್ತರ ಹೊತ್ತಿಗೆ ಬೇಕರಿಯವನ ನೆಂಟರಿಷ್ಟರೆಲ್ಲ ಸ್ಕೂಟರು, ಆಟೊ, ಟೆಂಪೊಗಳಲ್ಲಿ ಗಾಣದೆತ್ತಿನಂತೆ ಸುತ್ತತೊಡಗಿದರು. ಬೀದಿ ಅಗಲವಾದರೆ ಅಂಗಡಿಯ ಮುಂದೆ ಊರೆಲ್ಲ ನಿಲ್ಲುತ್ತದೆ ಎಂಬುದು ಅವನ ಲೆಕ್ಕ. ಆ ಮೆರವಣಿಗೆಯಲ್ಲಿ ಗುಮಾಸ್ತನ ಭಾವಮೈದುನನೂ ಇದ್ದ. ಹಿಂದಿನ ಸೀಟಿನಲ್ಲಿ ಗುಮಾಸ್ತನ ಅತ್ತೆ. ಮೂರನೆಯ ಸುತ್ತಿಗೆ ಆಕೆ ಸ್ಕೂಟರು ನಿಲ್ಲಿಸಲು ಹೇಳಿ, "ಅಳಿಯಂದ್ರೇ, ನಮ್ಮದನ್ನ ಬರ್ಕೊಂಡ್ರಾ? ನೀವು ತಲೆ ತಗ್ಗಿಸಿದ್ರಿ, ಅದಕ್ಕೆ ಕೇಳ್ದೆ," ಎಂದು ವಿಚಾರಿಸಿದರು. ಗುಮಾಸ್ತನ ಹಣೆಯ ನರ ಹಗ್ಗದ ಹಾಗೆ ಉಬ್ಬಿತು. ಅತ್ತೆಗೆ ಎದುರಾಡುವಂತಿರಲಿಲ್ಲ. ಬರೆದುಕೊಂಡೆ ಎಂದು ಗೊಣಗಿದ.

ಎದುರು ಸಾಲಿನಲ್ಲಿ ಮೇಷ್ಟ್ರು ಇದ್ದರು. ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಬೀದಿಯನ್ನು ಏಳನೆಯ ತರಗತಿ ಎಂದೇ ತಿಳಿದವರು. ರಸ್ತೆ ಅಗಲವಾದರೆ ಅವರು ಪೇಪರು ಓದುವ ಮುಂದಿನ ಕೋಣೆ ಪೂರ್ತಿ ಹೋಗುತ್ತಿತ್ತು. ಹತ್ತೂವರೆಗೆ ಅವರು ಅಕ್ಕಪಕ್ಕದವರನ್ನು ಸೇರಿಸಿ ಬೀದಿಗೆ ಅಡ್ಡಲಾಗಿ ಎರಡು ಬೆಂಚು ಹಾಕಿಸಿದರು, ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿಸಿ ಒದ್ದೆ ಹೊದಿಕೆಗಳನ್ನು ಒಣಹಾಕಿಸಿದರು. ಒಂದು ಗಂಟೆ ಸೈಕಲ್ಲು ಕೂಡ ಹಾಯಲಿಲ್ಲ. ಗುಮಾಸ್ತ ಖಾಲಿ ಹಾಳೆಯನ್ನು ದಿಟ್ಟಿಸುತ್ತ ಕುದಿಯುತ್ತಿದ್ದ. ಇದು ಸರ್ಕಾರಿ ಕೆಲಸ, ದಾರಿ ಬಿಡಿ ಎಂದು ಅವನು ಹೇಳಿದ್ದಕ್ಕೆ ಮೇಷ್ಟ್ರು ಕೋಲು ಎತ್ತಿ ತೋರಿಸಿದರು. "ನೀನು ಬಾಡಿಗೆ ಮನೆಯವನು ಕಣಯ್ಯ. ಇವತ್ತು ಈ ಬೀದಿ, ನಾಳೆ ಇನ್ನೊಂದು. ಗೋಡೆ ಕಟ್ಟಿದವನ ಹೊಟ್ಟೆಯುರಿ ನಿನಗೇನು ಗೊತ್ತು?"

ಬೇಕರಿಯ ಕಡೆಯವರು ಬಂದು ಬೆಂಚು ಎತ್ತಿ ಪಕ್ಕಕ್ಕೆ ಎಸೆದರು. ಮೇಷ್ಟ್ರ ಕಡೆಯವರು ಮತ್ತೆ ತಂದಿಟ್ಟರು. ಈ ನಡುವೆ ಎರಡು ಗುಂಪಿಗೂ ಒಂದೇ ವಿಷಯದಲ್ಲಿ ಒಮ್ಮತವಿತ್ತು, ತಪ್ಪೆಲ್ಲ ಗುಮಾಸ್ತನದೇ ಎಂದು. ಎರಡನ್ನು ಒಂದೆಂದು ಬರೆಯುತ್ತಾನೆ ಎಂದು ಬೇಕರಿಯವನು ಕೂಗಿದರೆ, ಒಂದನ್ನು ಎರಡೆಂದು ಬರೆಯುತ್ತಾನೆ ಎಂದು ಮೇಷ್ಟ್ರು ಕೂಗಿದರು. ಗುಮಾಸ್ತ ಸಾಹೇಬರಿಗೆ ಫೋನು ಮಾಡಿ, ಇಲ್ಲಿ ಓಡುತ್ತಿರುವುದು ಗಾಡಿಗಳಲ್ಲ, ಹಟ; ಈ ಎಣಿಕೆಯನ್ನು ರದ್ದು ಮಾಡಿ ಎಂದು ಬೇಡಿಕೊಂಡ. ಸಾಹೇಬರು ಸಭೆಯಲ್ಲಿದ್ದರು. ಪುಸ್ತಕ ಸಂಜೆ ಐದಕ್ಕೆ ಅಚ್ಚಿಗೆ ಹೋಗುತ್ತದೆ, ನಾಲ್ಕೂವರೆಗೆ ಸಂಖ್ಯೆ ಮೇಜಿನ ಮೇಲಿರಬೇಕು ಎಂದು ಫೋನಿಟ್ಟರು.

ಮೂರೂವರೆಗೆ ಮೇಷ್ಟ್ರು ಹಾಳೆಗಳನ್ನು ತಾವೇ ಕೂಡಿಸಿ ನೋಡುತ್ತೇನೆ ಎಂದು ಕೈ ಹಾಕಿದರು. ಬೇಕರಿಯವನು ಇನ್ನೊಂದು ತುದಿ ಹಿಡಿದ. ನಡುವೆ ಗುಮಾಸ್ತ. ಮೂವರೂ ಎಳೆದಾಡಿ ಒಂಬತ್ತೂವರೆ ಗಂಟೆ ಕೂತು ಗೀಟು ಎಳೆದ ಹಾಳೆಗಳು ಪರ್‍ರೆಂದು ಹರಿದವು. ಒಂದು ಪಾಲು ಚರಂಡಿಗೆ ಬಿತ್ತು. ಇನ್ನೊಂದು ಪಾಲಿನ ಮೇಲೆ ಬ್ರೆಡ್ ವ್ಯಾನು ಹರಿಯಿತು. ಹರಿದು ಮುಂದೆ ಹೋದ ವ್ಯಾನಿನ ಕಿಟಕಿಯಿಂದ ಚಾಲಕ ತಲೆ ಹೊರಹಾಕಿದ. "ಸಾರ್, ಇದನ್ನೂ ಬರ್ಕೊಳಿ."

ಗುಮಾಸ್ತನಿಗೆ ತಲೆಯಿಂದ ಕಾಲಿನವರೆಗೆ ಬೆಂಕಿ ಹತ್ತಿತು. ಉಳಿದಿದ್ದ ಒಂದು ಹಾಳೆ ತೆಗೆದು, ಕಾಗದ ತೂತು ಬೀಳುವಂತೆ ಒತ್ತಿ ಒತ್ತಿ ಐದು ಒಂದುಗಳನ್ನು ಬರೆದ. ೧೧,೧೧೧. ಇದು ಸುಳ್ಳೆಂದು ಬಾಲವಾಡಿಯ ಮಗುವಿಗೂ ತಿಳಿಯುತ್ತದೆ. ಸಾಹೇಬರು ನೋಡಿ ಕೆಂಡವಾಗಲಿ, ವಿಚಾರಣೆ ಮಾಡಲಿ, ಆಗ ಈ ಬೀದಿಯ ಪುಂಡಾಟವನ್ನೆಲ್ಲ ಅಕ್ಷರ ಬಿಡದೆ ಹೇಳುತ್ತೇನೆ ಎಂದುಕೊಂಡು ಕಚೇರಿಗೆ ನಡೆದ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಗಟ್ಟಿಯಾಗಿಯೇ ಅಭ್ಯಾಸ ಮಾಡಿದ. ಎದುರಿಗೆ ಬಂದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಸಾಹೇಬರು ಹಾಳೆ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಬೀರುವಿನಿಂದ ದಪ್ಪ ಪುಸ್ತಕ ತೆಗೆದು ಒಂದು ಪುಟದ ಮೇಲೆ ಬೆರಳಾಡಿಸಿದರು. ಆ ಬೀದಿಗೆ ಇಲಾಖೆ ಮೊದಲೇ ಹಾಕಿಟ್ಟಿದ್ದ ಅಂದಾಜು ೧೧,೧೦೮. ಸಾಹೇಬರು ಪಕ್ಕದ ಕೋಣೆಯ ಇಬ್ಬರು ಎಂಜಿನಿಯರುಗಳನ್ನು ಕರೆದು ತೋರಿಸಿದರು. ಅವರು ಗುಮಾಸ್ತನ ಕೈ ಕುಲುಕಿದರು. ಬರೀ ಮೂರು ಗಾಡಿ ವ್ಯತ್ಯಾಸ, ಇಲಾಖೆ ಹುಟ್ಟಿದಾಗಿನಿಂದ ಇಷ್ಟು ಕರಾರುವಾಕ್ಕಾದ ಎಣಿಕೆ ಬಂದಿಲ್ಲ ಎಂದರು. ಒಬ್ಬರು ಆ ಸಂಖ್ಯೆಯನ್ನು ಅಚ್ಚಿಗೆ ಕಳಿಸಲು ಓಡಿದರು, ಇನ್ನೊಬ್ಬರು ಅವರ ಹಿಂದೆಯೇ ಹೋದರು.

"ಸಾರ್, ಇದು ಸುಳ್ಳು," ಎಂದ ಗುಮಾಸ್ತ. "ಕೋಪದಲ್ಲಿ ಬರೆದದ್ದು. ಒಂದರ ಪಕ್ಕ ಒಂದು ಐದು ಸಲ ಇದೆ, ನೋಡಿದ್ರೇ ಗೊತ್ತಾಗಲ್ವಾ?"

ಸಾಹೇಬರು ಎದ್ದು ಬಾಗಿಲು ಹಾಕಿ ಬಂದರು. "ನಮ್ಮ ಅಂದಾಜನ್ನೇನು ಯಾರಾದ್ರೂ ಎಣಿಸಿ ಬರೆದ್ರು ಅಂದ್ಕೊಂಡ್ರಾ? ಹೋದ ವರ್ಷ ಒಂದು ಮಧ್ಯಾಹ್ನ ನಾನೇ ಕೂತು ಬರೆದದ್ದು. ನೀವು ನಿಮ್ಮ ಪಾಡಿಗೆ ಬರೆದ್ರಿ, ನಾನು ನನ್ನ ಪಾಡಿಗೆ ಬರೆದೆ. ಎರಡೂ ತಾಳೆ ಆಯ್ತಲ್ಲ. ಇನ್ನೇನು ಬೇಕು?"

ಗುಮಾಸ್ತ ಒಳಗಿನ ಮೇಜಿನ ಬಗ್ಗೆ ಕೇಳಿದ. ಇಂಥ ಕೈಯನ್ನು ಮೇಜಿಗೆ ಕಟ್ಟಿಹಾಕಿದರೆ ದೇಶಕ್ಕೇ ನಷ್ಟ ಎಂದರು ಸಾಹೇಬರು. ಹೆದ್ದಾರಿಗಳ ಮೇಲೆ ಇನ್ನೂ ನಲವತ್ತೆರಡು ಕೂಡುರಸ್ತೆಗಳಿದ್ದವು. ಪುಸ್ತಕವನ್ನು ವರ್ಷ ವರ್ಷವೂ ತಿದ್ದಬೇಕಿತ್ತು. ನಾಳೆಯಿಂದ ಅಷ್ಟೂ ಗುಮಾಸ್ತನ ಪಾಲಿಗೆ ಎಂದು ಆದೇಶ ಬರೆಯತೊಡಗಿದರು.

"ನಾನು ಇನ್ನೊಂದು ಗಾಡೀನೂ ಎಣಿಸಲ್ಲ," ಎಂದು ಗುಮಾಸ್ತ ಮೇಜು ಗುದ್ದಿದ.

"ಎಣಿಸಿ ಅಂತ ಯಾರು ಹೇಳಿದ್ರು?" ಸಾಹೇಬರು ತಲೆಯೆತ್ತದೆ ಸಹಿ ಹಾಕಿದರು. "ಬರೆದ್ರೆ ಸಾಕು. ಆದ್ರೆ ಬೆಳಿಗ್ಗೆ ಆರರಿಂದ ಬಿಸಿಲಲ್ಲಿ ಸ್ಟೂಲ್ ಮೇಲೆ ಕೂತಿರ್ಬೇಕು. ಎಣಿಸ್ತಾ ಇದ್ದಾರೆ ಅಂತ ಜನಕ್ಕೆ ಕಾಣ್ಬೇಕಲ್ಲ."