ಸೋರುವ ಸೂರಿನಡಿ ಚೀನೀ ವ್ಯಾಕರಣ

ಬೇರೆಯವರು ವರ್ಷಗಟ್ಟಲೆ ಒದ್ದಾಡಿ ಕಲಿಯುವ ಚೀನೀ ಭಾಷೆಯನ್ನು ನಾನು ಆರೇ ತಿಂಗಳಲ್ಲಿ ಅರೆದು ಕುಡಿಯುತ್ತೇನೆ ಎಂದು ಒಂದು ದಿನ ಊಟದ ಮೇಜಿನ ಮುಂದೆ ಘೋಷಿಸಿದೆ. ನಾನು ಕೃತಕ ಹಲ್ಲಿನ ಸೆಟ್ ಮಾಡುವವನು. ಊರಿನ ಅರ್ಧ ಬಾಯಿಗಳು ನನ್ನ ಕೈಯಲ್ಲಿ ನೆಟ್ಟಗಾಗಿರುವಾಗ ನನ್ನ ಬಾಯಿ ಒಂದು ಭಾಷೆಗೆ ಹೆದರುವುದುಂಟೇ?

"ಮೊದಲು ನಾನು ಆಡೋ ಭಾಷೆ ಅರ್ಥ ಮಾಡ್ಕೊಳ್ಳಿ," ಎಂದಳು ಹೆಂಡತಿ. ಅವಳು ಮನೆಯಲ್ಲೇ ಕೂತು ಹಳೆಯ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುತ್ತಾಳೆ. ಸೂಜಿ ಸದಾ ಕೈಯಲ್ಲಿ, ಆಗಾಗ ನಾಲಿಗೆಯಲ್ಲಿ.

ವ್ಯಾಕರಣದ ಪುಸ್ತಕ ತೆರೆದರೆ ನನಗೆ ಕಣ್ಣು ಮುಚ್ಚುತ್ತಿತ್ತು. ಹಾಗಾಗಿ ಭಾಷೆ ಕಲಿಯುವವರಿಗೆಂದು ಹಳೆಯ ಸಾಹಸ ಕಥೆಗಳನ್ನು ಸರಳಗೊಳಿಸಿ ಬರೆದ ಚೀನೀ ಪುಸ್ತಕಗಳನ್ನು ತರಿಸಿದೆ. ಹಡಗು, ದ್ವೀಪ, ನಿಧಿ, ಕಡಲ್ಗಳ್ಳರು. ಅವರ ಹಿಂದೆ ಓಡುತ್ತ ಓಡುತ್ತ ವ್ಯಾಕರಣವೂ ತಲೆಗಿಳಿಯಿತು. ‘ನೀ’ ಎಂದರೆ ಅಲ್ಲಿಯೂ ನೀನೇ. ವಾಕ್ಯದ ಕೊನೆಗೆ ‘ಲ’ ಬಂತೆಂದರೆ ಕೆಲಸ ಆಗಿಹೋಯಿತು ಎಂದರ್ಥ. ನಡುವೆ ‘ಬಾ’ ಎಂಬ ಪದ ಇಟ್ಟರೆ ಕರ್ಮಪದವು ಕ್ರಿಯಾಪದಕ್ಕಿಂತ ಮುಂದೆ ಬಂದು, ವಾಕ್ಯ ಕನ್ನಡದ ಹಾಗೆಯೇ ಕೂರುತ್ತದೆ. ಬಾ ಎಂದು ಕರೆದರೆ ಕರ್ಮ ಬಂದೇ ಬರುತ್ತದೆ ಎಂಬುದರ ಪೂರ್ತಿ ಅರ್ಥ ನನಗೆ ಆಮೇಲೆ ತಿಳಿಯಿತು. ‘ಕಪ್ತಾನ ನಾವಿಕನನ್ನು ಹಡಗಿನಿಂದ ಓಡಿಸಿದ’ ಎಂಬ ‘ಬಾ’ ವಾಕ್ಯವನ್ನಂತೂ ಸ್ನಾನ ಮಾಡುವಾಗಲೂ ಹೇಳಿಕೊಳ್ಳುತ್ತಿದ್ದೆ.

ಒಂದು ರಜಾದಿನ ಮಧ್ಯಾಹ್ನ ಹೆಂಡತಿಯ ಕೆಲಸದ ಕೋಣೆಯ ಸೂರಿನಿಂದ ನೀರು ತೊಟ್ಟಿಕ್ಕತೊಡಗಿತು. ಕೆಳಗೆ ಮೇಜಿನ ತುಂಬ ಗ್ರಂಥಾಲಯದ ಹಳೆಯ ನಕ್ಷೆಪುಸ್ತಕದ ಬಿಡಿ ಹಾಳೆಗಳು. ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲವಂತೆ. ಮೇಲಿನ ಮನೆಯಲ್ಲಿರುವುದು ಒಬ್ಬ ಚೀನೀ ನರ್ಸ್ ಮತ್ತು ಅವರ ವಯಸ್ಸಾದ ತಾಯಿ. ನರ್ಸ್ ಡ್ಯೂಟಿಯಲ್ಲಿದ್ದರು, ಫೋನ್ ಎತ್ತಲಿಲ್ಲ. ಅಜ್ಜಿಗೆ ಚೀನೀ ಬಿಟ್ಟರೆ ಬೇರೆ ಭಾಷೆ ಬಾರದು.

"ಮೊಬೈಲ್ ತಗೊಂಡು ಹೋಗಿ, ಅದೇ ಅನುವಾದ ಮಾಡುತ್ತೆ," ಎಂದಳು ಹೆಂಡತಿ, ಹಾಳೆಗಳನ್ನು ಎದೆಗವಚಿಕೊಂಡು.

"ನಾನಿರೋವಾಗ ಮೊಬೈಲ್ ಯಾಕೆ?" ಎಂದು ಬರಿಗೈಯಲ್ಲಿ ಮೆಟ್ಟಿಲು ಹತ್ತಿದೆ.

ಅಜ್ಜಿ ಬಾಗಿಲು ತೆರೆದರು. ಆಗ ಹೊಳೆಯಿತು: ನಲ್ಲಿ, ಪೈಪು, ಸೂರು ಇವುಗಳಿಗೆ ನನ್ನ ಕಡಲ್ಗಳ್ಳರು ಒಂದು ಪದವನ್ನೂ ಕಲಿಸಿರಲಿಲ್ಲ. ನೀರು ನಿಲ್ಲಿಸದಿದ್ದರೆ ಹೆಂಡತಿ ನನ್ನನ್ನು ಓಡಿಸುತ್ತಾಳೆ ಎಂದಾದರೂ ಹೇಳೋಣವೆಂದು ಆ ಪ್ರಿಯ ವಾಕ್ಯವನ್ನೇ ಹಿಡಿದೆ. ಕಪ್ತಾನನ ಜಾಗದಲ್ಲಿ ಹೆಂಡತಿ, ನಾವಿಕನ ಜಾಗದಲ್ಲಿ ನಾನು, ಹಡಗಿನ ಜಾಗದಲ್ಲಿ ಮನೆ. ಕೊನೆಯ ‘ಲ’ವನ್ನು ತೆಗೆಯಲು ಮರೆತೆ. ಅಜ್ಜಿಗೆ ಕೇಳಿಸಿದ್ದು ಇಷ್ಟು: ‘ಹೆಂಡತಿ ನನ್ನನ್ನು ಮನೆಯಿಂದ ಓಡಿಸಿಬಿಟ್ಟಳು. ನೀರು, ತುಂಬ ನೀರು.’

ಅಜ್ಜಿಯ ಕಣ್ಣು ತುಂಬಿತು. ಕೈಹಿಡಿದು ಒಳಗೆ ಕೂರಿಸಿ ಒಂದು ಲೋಟ ನೀರು ಕೊಟ್ಟರು. ನಾನು ಮತ್ತೆ ನೀರು ಎಂದೆ, ಇನ್ನೊಂದು ಲೋಟ ಬಂತು. ಆಮೇಲೆ ಬಿಸಿ ಸೂಪು ಬಂತು. ಬೆನ್ನು ಸವರಿದರು, ಸೋಫಾದ ಮೇಲೆ ದಿಂಬು, ಹೊದಿಕೆ ಸಿದ್ಧಮಾಡಿದರು. ಕೆಳಗೆ ಹೆಂಡತಿ ಒಂದರ ಹಿಂದೊಂದು ಬಕೆಟ್ ಇಡುತ್ತಿದ್ದಾಗ ನಾನು ಮೇಲೆ ಸೂಪು ಊದಿ ಊದಿ ಕುಡಿಯುತ್ತಿದ್ದೆ. ಬೇಡ ಎನ್ನಲು ಬೇಕಾದ ವ್ಯಾಕರಣ ಆ ಹೊತ್ತಿಗೆ ನೆನಪಾಗಲಿಲ್ಲ.

ನಾನು ಸೂಪಿನ ಬಟ್ಟಲು ಕೆಳಗಿಡುತ್ತಲೇ ಅಜ್ಜಿ ಚಪ್ಪಲಿ ಮೆಟ್ಟಿ, ನನ್ನನ್ನು ಎಳೆದುಕೊಂಡು ನಮ್ಮ ಮನೆಗೆ ಬಂದರು. ಹೆಂಡತಿಯ ಮುಂದೆ ನಿಲ್ಲಿಸಿ, ಬೆರಳಾಡಿಸುತ್ತ ಅವಳಿಗೆ ದೀರ್ಘವಾಗಿ ಬುದ್ಧಿ ಹೇಳಿದರು.

"ಏನು ಹೇಳಿದ್ರಿ ಇವರಿಗೆ?" ಎಂದಳು ಹೆಂಡತಿ.

ನಾನು ಉತ್ತರಿಸುವ ಮೊದಲೇ ಅಜ್ಜಿಯ ಮೂಗಿನ ಮೇಲೆ ಒಂದು ಹನಿ ಬಿತ್ತು. ಅವರು ತಲೆಯೆತ್ತಿ ನೋಡಿದರು, ಮೇಜು ನೋಡಿದರು, ಮರುಕ್ಷಣ ಮೆಟ್ಟಿಲು ಹತ್ತಿ ಓಡಿದರು. ಬಟ್ಟೆ ಒಗೆಯುವ ಯಂತ್ರದ ಪೈಪು ಕಳಚಿಕೊಂಡಿತ್ತಂತೆ. ಅದನ್ನು ನಿಲ್ಲಿಸಿ, ಮನೆಯಲ್ಲಿದ್ದ ಟವೆಲ್, ಕ್ಲಿಪ್ಪುಗಳನ್ನೆಲ್ಲ ಹೊತ್ತು ತಂದರು.

"ಅಂಚು ಮಾತ್ರ ಹಿಡೀರಿ ಅಮ್ಮ, ನಡುವೆ ಮುಟ್ಟಬೇಡಿ," ಎಂದು ಹೆಂಡತಿ ಕನ್ನಡದಲ್ಲಿ ಹೇಳಿದರೆ ಅಜ್ಜಿ ಅಂಚನ್ನೇ ಹಿಡಿಯುತ್ತಿದ್ದರು. ಅಜ್ಜಿ ಚೀನೀಯಲ್ಲಿ ಏನೋ ಅಂದರೆ ಹೆಂಡತಿ ಫ್ಯಾನ್ ನಿಧಾನ ಮಾಡುತ್ತಿದ್ದಳು. ಸಂಜೆಯವರೆಗೆ ಇಬ್ಬರೂ ಒಂದೊಂದೇ ಹಾಳೆಯನ್ನು ಹಗ್ಗಕ್ಕೆ ಸಿಕ್ಕಿಸಿದರು. ನನ್ನ ಪಾಲಿಗೆ ನೆಲ ಒರೆಸುವ ಬಟ್ಟೆ. ಎರಡು ನಕ್ಷೆಗಳ ಮೂಲೆಯಲ್ಲಿ ಕಲೆಯಾಯಿತು, ಉಳಿದದ್ದೆಲ್ಲ ಉಳಿಯಿತು.

ಕೆಲಸ ಮುಗಿಸಿ ಬಂದ ನರ್ಸ್ ತಾಯಿಯ ಮಾತು ಕೇಳಿ ಗೋಡೆ ಹಿಡಿದು ನಕ್ಕರು. "ಅಕ್ಕ, ಇವರನ್ನ ಮತ್ತೆ ಮನೆಗೆ ಸೇರಿಸ್ಕೋತೀರಾ ಅಂತ ಅಮ್ಮ ಕೇಳ್ತಿದ್ದಾರೆ."

ಹೆಂಡತಿ ಅಜ್ಜಿಯ ಒದ್ದೆ ಕೈಗಳನ್ನು ಹಿಡಿದುಕೊಂಡಳು. "ಇಷ್ಟು ಮಾಡಿದ್ದಾರೆ. ಅವರ ಮಾತು ಮೀರೋಕಾಗುತ್ತಾ?" ಎಂದಳು. ಹೆಚ್ಚು ಗುರುತಿಲ್ಲದವನ ಒಂದು ತಪ್ಪು ವಾಕ್ಯಕ್ಕೆ ಮನೆ, ಮನಸ್ಸು ಎರಡನ್ನೂ ತೆರೆದ ತಾಯಿ. ಬಗ್ಗಿ ಧನ್ಯವಾದ ಎಂದೆ. ಆ ಪದ ಮಾತ್ರ ಸರಿಯಾಗಿ ಬಂತು.

ಅಜ್ಜಿ ನನ್ನ ಕೆನ್ನೆ ತಟ್ಟಿ ಮಗಳ ಕಿವಿಯಲ್ಲಿ ಏನೋ ಅಂದರು.

"ದಿನಾ ಸಂಜೆ ಒಂದು ಗಂಟೆ ಹೊತ್ತು ಇವರನ್ನ ಮೇಲಕ್ಕೆ ಕಳಿಸಿ, ನಾನೇ ಪಾಠ ಹೇಳ್ತೀನಿ ಅಂತಿದ್ದಾರೆ," ಎಂದರು ನರ್ಸ್.

ಹೆಂಡತಿ ಕೈಮುಗಿದಳು. "ಎರಡು ಗಂಟೆ ಇಟ್ಕೊಳ್ಳೋಕಾಗುತ್ತಾ ಕೇಳಿ."