ಸಿಪ್ಪೆಯಲ್ಲ, ಪೊರೆ

ಮಾಂಸದಂಗಡಿಯವನು ಉಪಕಾರ ಮಾಡಲು ಹೋದದ್ದೇ ಎಲ್ಲ ರಾದ್ಧಾಂತಕ್ಕೂ ಮೂಲ. ಕುರಿಯ ಮೂತ್ರಪಿಂಡಗಳ ಮೇಲಿನ ತೆಳು ಪೊರೆಯನ್ನೆಲ್ಲ ಸುಲಿದೆಸೆದು, ಬೋಳು ಪಿಂಡಗಳನ್ನು ಕವರಿಗೆ ಹಾಕಿ ಹಲ್ಲು ಕಿರಿದ.

“ಸಿಪ್ಪೆ ತೆಗ್ದು ನೀಟಾಗಿ ಕೊಟ್ಟಿದ್ದೀನಿ, ಸಾರ್!”

“ಅಯ್ಯೋ ಮಹಾರಾಯ, ನಂಗೆ ಬೇಕಾಗಿದ್ದೇ ಆ ಸಿಪ್ಪೆ! ಥೂ, ಸಿಪ್ಪೆ ಅಲ್ಲ ಕಣಯ್ಯ, ಪೊರೆ!”

“ಪಾಪ, ಡಾಕ್ಟ್ರು ಅದನ್ನೇ ತಿನ್ನು ಅಂದಿದಾರಾ?” ಎಂದು ಪಕ್ಕದ ಗಿರಾಕಿ ಕನಿಕರಿಸಿದರು.

ಪ್ರಯೋಗಾಲಯದಲ್ಲಿ ಎಲ್ಲರೂ ಪೊರೆರಾಯ ಎಂದು ಕರೆಯುವ ನಮ್ಮ ಸಂಶೋಧಕನಿಗೆ ಮೈಯೆಲ್ಲ ಉರಿದುಹೋಯಿತು. ಆ ಪೊರೆ ಎಳೆದರೆ ಎಷ್ಟು ಹಿಗ್ಗುತ್ತದೆ, ಯಾವಾಗ ಹರಿಯುತ್ತದೆ ಎಂದು ಅಳೆಯುವುದೇ ಅವನ ಕೆಲಸ. ಒಳಗಿನ ಮೆತ್ತನೆಯ ಪಿಂಡವನ್ನು ಬಿಗಿಯಾಗಿ ಹಿಡಿದಿಟ್ಟಿರುವ ಪೊರೆಗೆ ಒಂದಿಷ್ಟಾದರೂ ಮರ್ಯಾದೆ ಬೇಡವೇ?

ಎಳೆದು ನೋಡುವ ಯಂತ್ರ ಇದ್ದದ್ದು ಒಂದೇ. ಪಕ್ಕದ ಮೇಜಿನ ಮೇಡಂ ನೀರಲ್ಲಿ ನೆನೆಸಿದ ಪ್ಲಾಸ್ಟಿಕ್ ಪಟ್ಟಿಗಳನ್ನು ಅದರಲ್ಲೇ ಎಳೆಯುತ್ತಿದ್ದರು. ಇವತ್ತು ಪೊರೆಯ ತಾಕತ್ತು ತೋರಿಸದಿದ್ದರೆ ಯಂತ್ರ ಪೂರ್ತಿ ಮೇಡಂ ಪಾಲು ಎಂದು ಮುಖ್ಯಸ್ಥರು ಕಡ್ಡಿ ಮುರಿದಂತೆ ಹೇಳಿದ್ದರು.

ಅಂಗಡಿಯವನ ಜೊತೆ ಜಗಳವಾಡಿ, ಕೊಕ್ಕೆಯಲ್ಲಿದ್ದ ಕೊನೆಯ ಕುರಿಯಿಂದ ಸುಲಿಯದ ಪಿಂಡವೊಂದನ್ನು ತೆಗೆಸಿಕೊಂಡು ಪೊರೆರಾಯ ಪ್ರಯೋಗಾಲಯಕ್ಕೆ ಓಡಿದ. ಮಲಗಿದ ಮಗುವಿನ ಅಂಗಿ ಕಳಚುವಷ್ಟು ಮೆಲ್ಲಗೆ ಪೊರೆ ಬಿಡಿಸಿದ, ಪಟ್ಟಿ ಕತ್ತರಿಸಿದ, ಒಣಗದಂತೆ ಉಪ್ಪುನೀರಿನ ತಟ್ಟೆಯಲ್ಲಿಟ್ಟು ಕೈ ತೊಳೆಯಲು ಹೋದ.

ವಾಪಸು ಬಂದರೆ ಮೇಡಂ ಮೇಜನ್ನೆಲ್ಲ ಒರೆಸಿ, ಒಪ್ಪವಾಗಿ ಜೋಡಿಸಿಟ್ಟಿದ್ದರು.

“ನನ್ನ ಸಾಮಾನು ಮುಟ್ಬೇಡಿ ಅಂತ ಎಷ್ಟು ಸಲ ಹೇಳೋದು ಮೇಡಂ?”

“ಒಳ್ಳೇದು ಮಾಡಿದ್ರೂ ಬೈಸ್ಕೋಬೇಕಾ?”

ಅಷ್ಟರಲ್ಲಿ ಮುಖ್ಯಸ್ಥರು ಬಂದೇಬಿಟ್ಟರು. “ಕನ್ನಡಕ ಮರೆತು ಬಂದೆ ಕಣ್ರೀ. ನಿಮ್ಮದು ಕೊಡಿ ಇಲ್ಲಿ.”

ಕೊಡುವುದಿಲ್ಲ ಎನ್ನುವುದುಂಟೇ? ಪೊರೆರಾಯ ಮಬ್ಬುಗಣ್ಣಿನಲ್ಲೇ ತಡಕಾಡಿ, ಪಟ್ಟಿಯನ್ನು ಯಂತ್ರದ ಕ್ಲಿಪ್ಪುಗಳಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಪಟ್ಟಿ ಹಿಗ್ಗಿತು. ಇನ್ನೂ ಹಿಗ್ಗಿತು. ಯಂತ್ರವೇ ಏದುಸಿರು ಬಿಟ್ಟು ನಿಂತಿತೇ ಹೊರತು ಅದು ಹರಿಯಲಿಲ್ಲ.

“ಭೇಷ್! ಯಂತ್ರ ಇನ್ನು ನಿಮ್ಮದೇ!” ಮುಖ್ಯಸ್ಥರು ಬೆನ್ನು ತಟ್ಟಿ ಕನ್ನಡಕ ಮರಳಿಸಿದರು.

ಪೊರೆರಾಯ ಅದನ್ನು ಹಾಕಿಕೊಂಡು ಯಂತ್ರದತ್ತ ನೋಡಿದ. ಪಟ್ಟಿಯ ತುದಿಯಲ್ಲಿ ಮೇಡಂ ತಮ್ಮ ಪ್ಲಾಸ್ಟಿಕ್ಕಿಗೆಲ್ಲ ಹಾಕುವ ನೀಲಿ ಚುಕ್ಕೆಯಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದಿದ್ದ. ಆದರೆ ಪ್ಲಾಸ್ಟಿಕ್ಕು ಹೋಗಿ ಪೊರೆಯ ಹೆಸರಲ್ಲಿ ಮೆರೆಯುವುದೇ? ಸಿಟ್ಟು ನೆತ್ತಿಗೇರಿತು.

“ಸಾರ್, ಇದು ಪೊರೆ ಅಲ್ಲ! ಇವರ ಪ್ಲಾಸ್ಟಿಕ್ಕು! ತಟ್ಟೆ ಅದಲುಬದಲು ಮಾಡಿದಾರೆ! ಮೇಡಂ, ನನ್ನ ಪೊರೆ ಎಲ್ರೀ?”

“ಆ ಲೋಳೆ ಸಿಪ್ಪೆನಾ? ನನ್ನ ಪಟ್ಟಿನೇ ಕೊಳೆತಿದೆ ಅಂದ್ಕೊಂಡು ಕಸಕ್ಕೆ ಹಾಕ್ದೆ.”

ಮುಖ್ಯಸ್ಥರ ಮುಖ ಅರಳಿತು. “ಇಷ್ಟು ಗಟ್ಟಿ ಪ್ಲಾಸ್ಟಿಕ್ಕಾ ಮೇಡಂ? ಮೊದಲೇ ಹೇಳಬಾರ್ದಾ! ಯಂತ್ರ ನೀವೇ ಇಟ್ಕೊಳ್ಳಿ.”

“ಇದ್ಯಾವ ಸೀಮೆ ನ್ಯಾಯ ಸಾರ್?” ಎಂದು ಪೊರೆರಾಯ ಕಿರುಚುವಷ್ಟರಲ್ಲಿ ಬಾಗಿಲು ತೆರೆಯಿತು. ತಲೆಯ ಮೇಲೆ ದೊಡ್ಡ ಬುಟ್ಟಿ ಹೊತ್ತು ಮಾಂಸದಂಗಡಿಯವನು ನಿಂತಿದ್ದ.

“ಬೆಳಗ್ಗೆ ತಪ್ಪಾಯ್ತು ಸಾರ್. ಅದಕ್ಕೆ ಊರಲ್ಲಿರೋ ಅಂಗಡಿನೆಲ್ಲಾ ಸುತ್ತಿ ತಂದಿದ್ದೀನಿ. ದೇವರಾಣೆಗೂ ಒಂದರದ್ದೂ ಸಿಪ್ಪೆ ಮುಟ್ಟಿಲ್ಲ!”