ಹಿಮಾಲಯಕ್ಕೆ ಹೊರಟ ಪಿ.ಟಿ. ಟೀಚರ್

ಬೆಟ್ಟ ಹತ್ತುವ ಹೆಂಗಸಿಗೆ ಏರಿಗಿಂತ ಹೆಚ್ಚು ಎದುರಾಗುವುದು ಜನರ ಮಾತು. ನಾನು ಕೊಡಗಿನ ಪೊನ್ನಂಪೇಟೆ ಕಡೆಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಕುಟ್ಟದ ನನ್ನ ಗೆಳತಿ ನರ್ಸ್. ಹವಾಮಾನ ಕೆಡುತ್ತಿದೆ ಎಂದು ಬರೀ ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ. ಹಿಮಾಲಯ ಹತ್ತಿ ಬಂದವರು ಎಂದರೆ ಕುರ್ಚಿ ಹಾಕಿ ಕೇಳುತ್ತಾರೆ. ಹಾಗಾಗಿ ನಾವಿಬ್ಬರೂ ಹತ್ತುತ್ತೇವೆ.

ಜಗಳ

ತರಬೇತಿಗೆಂದು ಬೆನ್ನುಚೀಲಕ್ಕೆ ಕಲ್ಲು ತುಂಬಿಕೊಂಡು ಎಸ್ಟೇಟ್ ರಸ್ತೆಯ ಏರು ಹತ್ತುತ್ತಿದ್ದೆ. ಪರಿಚಯದ ಜೀಪ್ ಡ್ರೈವರ್ ಪಕ್ಕದಲ್ಲೇ ಬ್ರೇಕ್ ಹಾಕಿದ.

“ಎಂಥ ಅಕ್ಕಾ, ಇಷ್ಟು ದೊಡ್ಡ ಚೀಲ? ಮನೆಯಲ್ಲಿ ಜಗಳವಾ? ಹತ್ತಿ, ಅಮ್ಮನ ಮನೆಗೆ ಬಿಡ್ತೇನೆ.”

“ಜಗಳ ಇಲ್ಲಪ್ಪ. ಹಿಮಾಲಯಕ್ಕೆ ಹೋಗ್ಲಿಕ್ಕೆ ಉಂಟು.”

ಅವನು ಎಂಜಿನ್ ಆಫ್ ಮಾಡಿ ಮೆಲ್ಲಗೆ ಕೇಳಿದ: “ಅಷ್ಟು ದೊಡ್ಡ ಜಗಳವಾ?”

ಫ್ರಿಜ್ಜು

ಕುಟ್ಟದಲ್ಲಿ ಮಹಿಳಾ ಸಂಘದ ಸಭೆ. ಹಿಮ ಹೇಗೆ ಕರಗುತ್ತಿದೆ ಎಂದು ಫೋಟೋ ತೋರಿಸಿ ಒಂದು ಗಂಟೆ ವಿವರಿಸಿದೆ. ಹಿಂದಿನ ಸಾಲಿನ ಅಜ್ಜಿಯೊಬ್ಬರು ಎದ್ದರು.

“ಮಂಜುಗಡ್ಡೆ ಕರಗೋದು ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಮಗಳೇ? ಕರೆಂಟು ಹೋದ್ರೆ ನಮ್ಮ ಫ್ರಿಜ್ಜಲ್ಲೇ ಕಾಣ್ತದಲ್ಲ!”

ಸಭೆಯೆಲ್ಲ ನಕ್ಕಿತು. ನಾನು ಬಿಡಲಿಲ್ಲ. “ಅದೇ ಅಜ್ಜಿ, ಭೂಮಿಯ ಫ್ರಿಜ್ಜು ಕೆಟ್ಟಿದೆ” ಎಂದೆ. ಅಜ್ಜಿ ಗಂಭೀರರಾದರು.

“ಹಾಗಾದ್ರೆ ಹತ್ತಿ ಎಂಥ ಮಾಡ್ತೀ? ಮೆಕ್ಯಾನಿಕ್ಕನ್ನ ಕರ್ಕೊಂಡು ಹೋಗು!”

ತುದಿಯಿಂದ ಫೋನು

ನೇಪಾಳದ ಶಿಖರವೊಂದು ನಮ್ಮಿಬ್ಬರನ್ನು ಮೊದಲ ಸಲ ಹಿಂದಕ್ಕೆ ಕಳಿಸಿತ್ತು. ತುದಿ ಕಣ್ಣಿಗೆ ಕಾಣುತ್ತಿರುವಾಗಲೇ ಹಿಮ ಮೆತ್ತಗಾಗಿ ಸೊಂಟದವರೆಗೆ ಹೂತೆವು. “ಈ ತಿಂಗಳಲ್ಲಿ ಹಿಂದೆಲ್ಲ ಇಲ್ಲಿ ಕಲ್ಲಿನಂತೆ ಗಟ್ಟಿ ಇರ್ತಿತ್ತು” ಎಂದ ಗೈಡ್, ಮುಂದೆ ಬಿಡಲಿಲ್ಲ. ಗೆಳತಿ ಇಳಿಯುವಾಗ ಅತ್ತಳು. ಕೆಳಗೆ ಮುಟ್ಟಿದ್ದೇ ಕಣ್ಣೊರೆಸಿಕೊಂಡು, “ಬರುವ ವರ್ಷ ಬರೋಣ” ಎಂದಳು.

ಮರುವರ್ಷ ಏಪ್ರಿಲ್‌ನಲ್ಲಿ ಮತ್ತೆ ಹೋದೆವು. ಗಾಳಿಗೆ ನಿಲ್ಲಲಾಗದೆ ಕೊನೆಯ ಏರನ್ನು ಮಂಡಿಯೂರಿಯೇ ಹತ್ತಿದೆವು. “ಭೂಮಿ ಬಿಸಿಯಾಗುತ್ತಿದೆ” ಎಂಬ ಬ್ಯಾನರನ್ನು ಚಳಿಗೆ ಗಡಗಡ ನಡುಗುತ್ತಲೇ ಬಿಡಿಸಿ ಹಿಡಿದೆವು. ಗೈಡ್ ತನ್ನ ಸ್ಯಾಟಲೈಟ್ ಫೋನ್ ಕೊಟ್ಟ. ಮನೆಗೆ ಮಾಡಿದೆ. ಎತ್ತಿದ್ದು ಅತ್ತೆ.

“ಅತ್ತೇ, ತುದಿ ಮುಟ್ಟಿದೆವು!” ನನಗೆ ಅಳುವೇ ಬಂತು.

“ಒಳ್ಳೇದಾಯ್ತು ಮಗಳೇ. ಅಲ್ಲಿ ಮೋಡ ಉಂಟಾ?”

“ಕಾಲ ಕೆಳಗೇ ರಾಶಿ ರಾಶಿ ಉಂಟು ಅತ್ತೆ!”

“ಹೇಗೂ ಅಷ್ಟು ಮೇಲೆ ಹೋಗಿದ್ದೀಯಲ್ಲ, ಸ್ವಲ್ಪ ಈ ಕಡೆಗೆ ತಳ್ಳಿಬಿಡು. ಮಳೆ ಇಲ್ಲದೆ ಕಾಫಿ ಮೊಗ್ಗೆಲ್ಲ ಒಣಗ್ತಾ ಉಂಟು!”